ಬಾಲಾಲಯದ ಭಕ್ತ

ಶಿಕಾಗೋ ನಗರದ ದಕ್ಷಿಣ ಭಾಗದಲ್ಲಿ, ಬೇಸ್‌ಬಾಲ್ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದಾದಷ್ಟು ಸಮೀಪದ ಒಂದು ಮನೆಯ ಬೀರುವಿನಲ್ಲಿ ಆರು ಅಂಗಿಗಳನ್ನು ತೂಗುಹಾಕಿದೆ. ಆರೂ ಒಂದೇ ತಂಡದವು. ಬಿಳಿಯ ಬಟ್ಟೆ, ಅದರ ಮೇಲೆ ಉದ್ದಕ್ಕೂ ಸಣ್ಣ ಕಪ್ಪು ಗೆರೆ. ಒಂದೊಂದರ ಬೆನ್ನಿನ ಮೇಲೂ ಒಬ್ಬೊಬ್ಬ ಆಟಗಾರನ ಹೆಸರು. ಸೇಲ್, ಅಬ್ರೇಯು, ಮೊಂಕಾಡ, ಹಿಮೆನೆಸ್, ಸೀಸ್ ಎಂಬ ಐದು ಹೆಸರುಗಳಲ್ಲಿ ಒಂದಾದರೂ ಈಗ ಆ ತಂಡದ ಪಟ್ಟಿಯಲ್ಲಿಲ್ಲ. ಆರನೆಯ ಅಂಗಿ ಕೊನೆರ್ಕೋ ಎಂಬಾತನದು. ಆತನೊಬ್ಬನು ಮಾತ್ರ ತಂಡವನ್ನು ಬಿಡದೆ, ಹದಿನಾರು ವರ್ಷ ಅಲ್ಲಿಯೇ ಆಡಿ, 2014ರಲ್ಲಿ ಆಟವನ್ನೇ ನಿಲ್ಲಿಸಿದವನು. ಆ ಅಂಗಿ ತೊಟ್ಟು ತೊಟ್ಟು ಮಾಸಿದೆ. ಮಿಕ್ಕವು ಇನ್ನೂ ಹೊಸದರಂತಿವೆ.

ಅಂಗಿಗಳ ಒಡೆಯನು ಎಪ್ಪತ್ತೈದರ ಮುದುಕ. ರೈಲ್ವೆಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತನಾದವನು. 2025ರ ಶರತ್ಕಾಲದಲ್ಲಿ ಆತನ ಮೊಮ್ಮಗಳಿಗೆ ಒಂಬತ್ತು ವರ್ಷ ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದ್ದಕ್ಕೆ ಹುಡುಗಿ ತಾತನ ಬೀರುವಿನಲ್ಲಿರುವಂತಹ ಅಂಗಿ ಬೇಕೆಂದಳು. ಇಷ್ಟು ಸಣ್ಣ ಕೋರಿಕೆ. ಆದರೆ ಅಂಗಡಿಯವನು ಬೆನ್ನಿನ ಮೇಲೆ ಯಾರ ಹೆಸರನ್ನು ಹೊಲಿಯಲೆಂದು ಕೇಳುತ್ತಾನಷ್ಟೆ! ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಮುದುಕನು ಮೂರು ವಾರ ಕಳೆದನು. ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಅದರ ಹಿಂದೆ ನಿಂತಿತ್ತು: ಈ ಮಗುವನ್ನು ಈ ತಂಡಕ್ಕೆ ಒಪ್ಪಿಸಬಹುದೆ?

ವಾಚಕರಲ್ಲಿ ಬಹುಮಂದಿ ಕ್ರಿಕೆಟ್ಟನ್ನು ಬಲ್ಲವರು. ಬೇಸ್‌ಬಾಲ್ ಅದರ ದಾಯಾದಿಯೆಂದು ತಿಳಿದರೆ ಪ್ರಕೃತಕ್ಕೆ ಸಾಕು. ಕಣದಲ್ಲಿ ಒಂಬತ್ತು ಜನ; ಆಡುವ ಪಟ್ಟಿಯಲ್ಲಿ ಇಪ್ಪತ್ತಾರು; ಅವರನ್ನೂ ಸೇರಿಸಿ ತಂಡವು ಕಾದಿರಿಸಿಕೊಂಡವರು ನಲವತ್ತು; ಅವರ ಕೆಳಗೆ, ಸಣ್ಣ ಊರುಗಳ ಸಣ್ಣ ತಂಡಗಳಲ್ಲಿ, ನೂರಕ್ಕೂ ಮೇಲ್ಪಟ್ಟು ಹುಡುಗರು. ಈ ಕೆಳಗಿನ ಏರ್ಪಾಟನ್ನು ಅಮೆರಿಕದವರು ಹೊಲವೆಂದೇ ಕರೆಯುತ್ತಾರೆ. ಬೆಳೆ ಅಲ್ಲಿ ಬೆಳೆದು ಮೇಲಕ್ಕೆ ಬರಬೇಕು. ಆರು ತಿಂಗಳಲ್ಲಿ ನೂರ ಅರವತ್ತೆರಡು ಪಂದ್ಯಗಳು. ಆದುದರಿಂದ ಅದೃಷ್ಟದ ಗೆಲುವಾಗಲಿ ಅದೃಷ್ಟದ ಸೋಲಾಗಲಿ ಬಹುಕಾಲ ನಿಲ್ಲುವುದಿಲ್ಲ, ಪಟ್ಟಿ ಎಂತಹುದೋ ಫಲವೂ ಅಂತಹುದೇ. ಮೇಲಿನ ಪಂಕ್ತಿಗೆ ಬಂದ ಆಟಗಾರನು ಆರು ವರ್ಷದ ಸೇವೆ ಮುಗಿಯುವ ತನಕ ತನ್ನ ಇಷ್ಟದಂತೆ ಬೇರೆ ತಂಡಕ್ಕೆ ಹೋಗುವಂತಿಲ್ಲ. ತಂಡದವರಾದರೋ ಯಾವ ದಿನವಾದರೂ ಅವನನ್ನು ಇನ್ನೊಬ್ಬರಿಗೆ ಕೊಟ್ಟು, ಬದಲಿಗೆ ಬೇರೆಯವರನ್ನು ಪಡೆಯಬಹುದು. ಹತ್ತು ವರ್ಷ ಆಡಿ, ಅದರಲ್ಲಿ ಕಡೆಯ ಐದನ್ನು ಒಂದೇ ತಂಡದಲ್ಲಿ ಕಳೆದವನು ಮಾತ್ರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಒಲ್ಲೆನೆನ್ನಬಹುದು. ಅಭಿಮಾನಿಗೆ ಇಂತಹ ಹಕ್ಕು ಎಷ್ಟು ವರ್ಷದ ಸೇವೆಗೂ ಬರುವುದಿಲ್ಲ. ಆತನು ಆಟಗಾರನನ್ನು ಕೊಡುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಅಂಗಿಯನ್ನು ಮಾತ್ರ ಕೊಳ್ಳುವವನು.

ತಂಡದ ಹೆಸರು ವೈಟ್ ಸಾಕ್ಸ್, ಎಂದರೆ ಬಿಳಿಯ ಕಾಲುಚೀಲ. ಹೆಸರನ್ನು ಕೇಳಿ ನಗುವವರು ನಗಲಿ. ಅದರ ಚರಿತ್ರೆ ನಗುವಂತಹುದಲ್ಲ. 1917ರಲ್ಲಿ ಅದು ವಿಶ್ವ ಸರಣಿಯನ್ನು ಗೆದ್ದಿತು. 1919ರಲ್ಲಿ ಜೂಜುಗಾರರಿಂದ ಹಣ ಪಡೆದು ಸೋತರೆಂಬ ಆರೋಪ ತಂಡದ ಎಂಟು ಮಂದಿಯ ಮೇಲೆ ಬಂತು. 1921ರಲ್ಲಿ ನ್ಯಾಯಾಲಯವು ಅವರನ್ನು ಬಿಟ್ಟರೂ ಬೇಸ್‌ಬಾಲಿನ ಅಧ್ಯಕ್ಷ ಪೀಠದಲ್ಲಿದ್ದ ಲ್ಯಾಂಡಿಸ್ ಎಂಬಾತನು ಬಿಡಲಿಲ್ಲ. ಎಂಟು ಜನರೂ ಜೀವಾವಧಿ ಆಟದಿಂದ ಬಹಿಷ್ಕೃತರಾದರು. ಆ ಮೇಲೆ 2005ರ ತನಕ, ಎಂದರೆ ಹಿಂದಿನ ಗೆಲುವಿನಿಂದ ಎಂಬತ್ತೆಂಟು ವರ್ಷ, ತಂಡಕ್ಕೆ ಆ ಗೆಲುವು ಮತ್ತೆ ಸಿಕ್ಕಲಿಲ್ಲ. ನಡುವೆ 1959ರಲ್ಲಿ ಒಮ್ಮೆ ತನ್ನ ಲೀಗಿನಲ್ಲಿ ಮೊದಲನೆಯದಾಗಿ ವಿಶ್ವ ಸರಣಿಯವರೆಗೆ ಹೋದದ್ದುಂಟು. ಆ ಸೆಪ್ಟೆಂಬರ್ ರಾತ್ರಿ ಶಿಕಾಗೋದ ಅಗ್ನಿಶಾಮಕ ಇಲಾಖೆಯ ಮುಖ್ಯಸ್ಥನು ಉತ್ಸಾಹ ತಡೆಯಲಾರದೆ ವಿಮಾನದಾಳಿಯ ಎಚ್ಚರಿಕೆಯ ಕೊಂಬುಗಳನ್ನು ಊದಿಸಿಬಿಟ್ಟನು. ರಷ್ಯದವರು ಬಾಂಬು ಹಾಕಲು ಬಂದರೆಂದು ಬೆದರಿದವರು ಊರಿನಲ್ಲಿ ಸಾವಿರಾರು ಮಂದಿ. ಮುದುಕನಿಗೆ ಆಗ ಒಂಬತ್ತು ವರ್ಷ. ಎಲ್ಲರೂ ನೆಲಮಾಳಿಗೆಗೆ ಓಡುತ್ತಿರುವಾಗ ಆತನ ತಂದೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯಲ್ಲಿ ಕುಣಿದನಂತೆ. ತಂದೆ 2005ನ್ನು ನೋಡದೆ ಹೋದನು.

ಜೀರ್ಣೋದ್ಧಾರದ ಕಥೆ ಆರಂಭವಾದದ್ದು 2016ರಲ್ಲಿ. ಅದಕ್ಕೆ ಮೊದಲಿನ ಕೆಲವು ವರ್ಷಗಳಲ್ಲಿ ತಂಡದವರು ನಡುಬೀದಿಯ ಸಂಸಾರ ನಡೆಸುತ್ತಿದ್ದರು: ಗೆಲ್ಲುವಷ್ಟು ಬಲವಿಲ್ಲ, ಸೋತೆವೆಂದು ಒಪ್ಪಿಕೊಳ್ಳುವಷ್ಟು ಧೈರ್ಯವೂ ಇಲ್ಲ. ಇಂತಹ ಮನೆಯಲ್ಲಿಯೇ ಮನೆಯ ಬೆಳ್ಳಿ ಅಗ್ಗಕ್ಕೆ ಹೋಗುವುದು. 2014ರ ಡಿಸೆಂಬರಿನಲ್ಲಿ ಸಮಾರ್ಜ ಎಂಬ ಪಿಚರನಿಗಾಗಿ ತಾವೇ ಬೆಳೆಸಿದ ಸೆಮಿಯನ್ ಎಂಬ ಹುಡುಗನನ್ನೂ ಬ್ಯಾಸಿಟ್ ಎಂಬವನನ್ನೂ ಕೊಟ್ಟರು. ಸಮಾರ್ಜ ಒಂದೇ ವರ್ಷ ಆಡಿ ಹೊರಟುಹೋದನು. 2016ರ ಜೂನ್‌ನಲ್ಲಿ, ವಯಸ್ಸಾದ ಶೀಲ್ಡ್ಸ್ ಎಂಬ ಪಿಚರನಿಗಾಗಿ ಕೊಟ್ಟವರಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನಿದ್ದನು. ಹೆಸರು ಫರ್ನಾಂಡೋ ತತೀಸ್. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ದುಬಾರಿಯಾದ ವ್ಯಾಖ್ಯಾನ ಸಿಕ್ಕುವುದು ಕಷ್ಟ. ತತೀಸನು 2021ರಲ್ಲಿ ಸಾನ್ ಡಿಯೇಗೋ ತಂಡದಲ್ಲಿ ನಲವತ್ತೆರಡು ಹೋಂ ರನ್ ಹೊಡೆದು ತನ್ನ ಲೀಗಿಗೆ ಮೊದಲಿಗನಾದನು. ಆ ವರ್ಷವೇ ಸೆಮಿಯನ್ ಟೊರಾಂಟೋದಲ್ಲಿ ನಲವತ್ತೈದು ಹೊಡೆದನು. ಈ ಎರಡು ಸಂಖ್ಯೆಗಳನ್ನು ಕೂಡಿಸಬಾರದೆಂದು ಮುದುಕನ ಮನೆಯಲ್ಲಿ ಕಟ್ಟಪ್ಪಣೆಯಿದೆ.

ಆ 2016ರ ಜುಲೈ ತಿಂಗಳಲ್ಲಿಯೇ, ತಂಡದ ಶ್ರೇಷ್ಠ ಪಿಚರ್ ಕ್ರಿಸ್ ಸೇಲನು ಒಂದು ವಿಚಿತ್ರವಾದ ಕೆಲಸ ಮಾಡಿದನು. ಹಳೆಯ ಕಾಲದ ಮಾದರಿಯ ಅಂಗಿಯನ್ನು ಅಂದು ಎಲ್ಲರೂ ತೊಡಬೇಕೆಂದು ತಂಡದವರು ಗೊತ್ತುಮಾಡಿದ್ದರು. ಸೇಲನಿಗೆ ಆ ಅಂಗಿ ಹಿಡಿಸಲಿಲ್ಲ. ಆತನು ಕತ್ತರಿ ತಂದು ತನ್ನದನ್ನಲ್ಲದೆ ಇತರರ ಅಂಗಿಗಳನ್ನೂ ಕತ್ತರಿಸಿ, ಯಾರೂ ತೊಡಲಾರದಂತೆ ಮಾಡಿದನು. ಐದು ದಿನ ಅವನನ್ನು ಹೊರಗಿಟ್ಟರು. ಡಿಸೆಂಬರಿನಲ್ಲಿ ಬಾಸ್ಟನ್ ತಂಡಕ್ಕೆ ಕೊಟ್ಟು, ಬದಲಿಗೆ ಮೊಂಕಾಡ, ಕೋಪೆಕ್ ಮೊದಲಾದ ನಾಲ್ವರನ್ನು ಪಡೆದರು. ಮರುದಿನವೇ ಈಟನ್ ಎಂಬವನನ್ನು ವಾಷಿಂಗ್ಟನ್ನಿಗೆ ಕೊಟ್ಟು ಮೂವರು ಎಳೆಯ ಪಿಚರರನ್ನು ತಂದರು. ಮುಂದಿನ ಜುಲೈಯಲ್ಲಿ ಕಿಂಟಾನನನ್ನು ಕೊಟ್ಟದ್ದು ಅದೇ ಊರಿನ ಉತ್ತರ ಭಾಗದ ತಂಡವಾದ ಕಬ್ಸ್‌ಗೆ. ಬಂದವರಲ್ಲಿ ಹಿಮೆನೆಸ್ ಮತ್ತು ಸೀಸ್. ಕರೆಯುವ ಹಸುಗಳನ್ನೆಲ್ಲ ಸಂತೆಗೆ ಹೊಡೆದು, ಕರುಗಳನ್ನು ಕಟ್ಟಿಕೊಂಡು ಬಂದ ಒಕ್ಕಲಿಗನ ವ್ಯಾಪಾರ ಅದು.

ಕನ್ನಡನಾಡಿನಲ್ಲಿ ಹಳೆಯ ದೇವಸ್ಥಾನವು ಜೀರ್ಣವಾದಾಗ, ಗರ್ಭಗುಡಿಯ ಕೆಲಸ ಮುಗಿಯುವವರೆಗೆ ದೇವರ ಕಳೆಯನ್ನು ಬೇರೊಂದು ಬಿಂಬದಲ್ಲಿ ಆವಾಹಿಸಿ ಪಕ್ಕದ ಸಣ್ಣ ಗುಡಿಯೊಂದರಲ್ಲಿ ಇಡುತ್ತಾರೆ. ಅದಕ್ಕೆ ಬಾಲಾಲಯವೆಂದು ಹೆಸರು. ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷವೆಂದು ಧರ್ಮದರ್ಶಿಗಳು ಹೇಳುತ್ತಾರೆ. ಚಂದಾ ಪುಸ್ತಕ ತಿರುಗುತ್ತದೆ. ಭಕ್ತರು ಬಾಲಾಲಯದ ಮುಂದೆಯೇ ಕಾಯಿ ಒಡೆದು ಕೈಮುಗಿಯುತ್ತಾರೆ. ಕಲ್ಲು ಬಂದಿಲ್ಲ, ಶಿಲ್ಪಿ ಊರಿಗೆ ಹೋದ, ಲೆಕ್ಕ ಹೊಂದಲಿಲ್ಲ ಎಂದು ವರ್ಷಗಳು ಕಳೆದ ಮೇಲೆ, ಬಾಲಾಲಯದಲ್ಲಿ ಹುಟ್ಟಿದ ಮಕ್ಕಳಿಗೆ ಅದೇ ದೇವಸ್ಥಾನವೆಂದು ತೋರತೊಡಗುತ್ತದೆ. ವೈಟ್ ಸಾಕ್ಸ್ ತಂಡದ ಭಕ್ತನ ಅವಸ್ಥೆ ಇಂತಹುದು.

ಆದರೂ ಆಗ ಭಕ್ತರಾರೂ ಮುನಿಯಲಿಲ್ಲ. ಹೂಸ್ಟನ್ ತಂಡವು 2011ರಿಂದ ಮೂರು ವರ್ಷ ಕ್ರಮವಾಗಿ 106, 107, 111 ಪಂದ್ಯಗಳನ್ನು ಸೋತು, ಆ ಸೋಲಿನ ಫಲವಾಗಿ ಸಿಕ್ಕ ಹುಡುಗರನ್ನು ಬೆಳೆಸಿ 2017ರಲ್ಲಿ ವಿಶ್ವ ಸರಣಿಯನ್ನು ಗೆದ್ದಿತು. (ಆ ಗೆಲುವಿನ ವರ್ಷದಲ್ಲಿ ಎದುರಾಳಿಗಳ ಸನ್ನೆಗಳನ್ನು ಕದ್ದು ನೋಡುತ್ತಿದ್ದರೆಂಬುದು ಅನಂತರ ವಿಚಾರಣೆಯಿಂದ ಹೊರಬಿದ್ದ ಸಂಗತಿ, ಜೀರ್ಣೋದ್ಧಾರಕ್ಕೆ ಅದೂ ಅವಶ್ಯವಾದ ಸಾಮಗ್ರಿಯೇ ಎಂಬುದನ್ನು ಯಾರೂ ಚರ್ಚಿಸಿಲ್ಲ.) ಕಬ್ಸ್ ತಂಡವು 2012ರಲ್ಲಿ 101 ಸೋಲು ಕಂಡು 2016ರಲ್ಲಿ ಗೆದ್ದಿತು. ನೆರೆಮನೆಯಲ್ಲಿ ಹಬ್ಬವಾಗುತ್ತಿರುವಾಗ ತನ್ನ ಮನೆಯಲ್ಲಿ ಉಪವಾಸವನ್ನಾದರೂ ವ್ರತವೆಂದು ಆಚರಿಸುವುದರಲ್ಲಿ ಒಂದು ಸಮಾಧಾನವಿದೆ. ಮುದುಕನು 2017ರ 95 ಸೋಲನ್ನೂ, 2018ರ 100ನ್ನೂ, 2019ರ 89ನ್ನೂ ವ್ರತದಂತೆ ಸಹಿಸಿಕೊಂಡನು. ಮೊಂಕಾಡನ ಅಂಗಿಯನ್ನೂ ಹಿಮೆನೆಸನ ಅಂಗಿಯನ್ನೂ ಕೊಂಡನು. ಇತ್ತ 2018ರ ಅಕ್ಟೋಬರಿನಲ್ಲಿ ಸೇಲನು ಬಾಸ್ಟನ್ ತಂಡಕ್ಕಾಗಿ ವಿಶ್ವ ಸರಣಿಯ ಕಟ್ಟಕಡೆಯ ಚೆಂಡನ್ನೆಸೆದು, ಎದುರಿಗಿದ್ದ ಮಚಾಡೋ ಎಂಬ ಹೆಸರಾಂತ ದಾಂಡಿಗನನ್ನು ಔಟು ಮಾಡಿದನು. ಮುದುಕನು ಅದನ್ನು ನೋಡಿ ಚಪ್ಪಾಳೆ ತಟ್ಟಿದನು. ಮಾರಿದ ಹಸು ಖರೀದಿದಾರನ ಮನೆಯಲ್ಲಿ ತುಂಬು ಕೊಡ ಹಾಲು ಕೊಟ್ಟರೆ ಸಾಕಿದವನಿಗೆ ಹೆಮ್ಮೆಯಾಗುವುದೂ ಉಂಟು.

ಆ ಮಚಾಡೋ ಚಳಿಗಾಲದಲ್ಲಿ ಸ್ವತಂತ್ರನಾದನು. ವೈಟ್ ಸಾಕ್ಸ್ ತಂಡಕ್ಕೆ ಅವನು ಬೇಕಾಗಿತ್ತು. ಅವನ ಮನಸ್ಸನ್ನು ಒಲಿಸಲೆಂಬಂತೆ ಅವನ ಹೆಂಡತಿಯ ಸೋದರನಾದ ಅಲೋನ್ಸೋನನ್ನೂ, ಗೆಳೆಯನಾದ ಜೇ ಎಂಬವನನ್ನೂ ಮೊದಲೇ ತಂಡಕ್ಕೆ ಸೇರಿಸಿಕೊಂಡರು. ಎಂಟು ವರ್ಷಕ್ಕೆ 25 ಕೋಟಿ ಡಾಲರು ಕೊಡುವೆವೆಂದರು. ಸಾನ್ ಡಿಯೇಗೋದವರು ಹತ್ತು ವರ್ಷಕ್ಕೆ 30 ಕೋಟಿಯೆಂದರು. ಮಚಾಡೋ ಅಲ್ಲಿಗೆ ಹೋದನು. ಮದುಮಗ ಬರಲಿಲ್ಲ, ಬೀಗರು ಮಾತ್ರ ಮನೆಯಲ್ಲಿ ಉಳಿದರು.

ಮುದುಕನ ಮತದಲ್ಲಿ ಕೇಡಿನ ಬೇರು ಇರುವುದು ಇಲ್ಲಿ, ಸೇಲನನ್ನು ಮಾರಿದ್ದರಲ್ಲಿ ಅಲ್ಲ. ಮಾರಿದ್ದು ಸರಿ, ಬಂದ ಕರುಗಳೂ ಒಳ್ಳೆಯ ತಳಿಯವೇ. ಆದರೆ ಕರುಗಳು ಬೆಳೆದು ನಿಂತ ಮೇಲೆ, ಕೊಟ್ಟಿಗೆಯಲ್ಲಿ ಇನ್ನೂ ಎರಡು ಮೂರು ಒಳ್ಳೆಯ ರಾಸುಗಳನ್ನು ಹಣ ಕೊಟ್ಟು ತಂದು ಕಟ್ಟಬೇಕು. ಹೂಸ್ಟನ್ನಿನವರೂ ಕಬ್ಸಿನವರೂ ಹಾಗೆಯೇ ಮಾಡಿದರು. ಇವರು ಗಂಟು ಬಿಚ್ಚಲಿಲ್ಲ. ಅಮೆರಿಕದ ಮೂರನೆಯ ದೊಡ್ಡ ಪಟ್ಟಣದ ತಂಡವೊಂದು ಸ್ವತಂತ್ರ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಕರಾರೆಂದರೆ 2022ರ ಕೊನೆಗೆ ಬೆನಿಂಟೆಂಡಿ ಎಂಬವನಿಗೆ ಐದು ವರ್ಷಕ್ಕೆ ಒಪ್ಪಿದ 7.5 ಕೋಟಿ ಡಾಲರು. ಪರರು ಒಬ್ಬನಿಗೆ 30 ಕೋಟಿ ಕೊಡುವ ಕಾಲದಲ್ಲಿ ಈ ಮೊತ್ತ ಮದುವೆಯ ಮನೆಯಲ್ಲಿ ತಾಂಬೂಲದ ಖರ್ಚು.

2020ರಲ್ಲಿ ಫಲ ಕಾಣಿಸಿತು. ಅಬ್ರೇಯು ಲೀಗಿನ ಅತ್ಯುತ್ತಮ ಆಟಗಾರನೆನಿಸಿದನು. ಆ ಚಳಿಗಾಲದಲ್ಲಿ ಎಪ್ಪತ್ತಾರು ವರ್ಷದ ಲಾ ರೂಸನನ್ನು ತಂಡದ ಮ್ಯಾನೇಜರನನ್ನಾಗಿ ತಂದರು. ಆತನು 1986ರಲ್ಲಿ ಇದೇ ತಂಡದವರು ತೆಗೆದುಹಾಕಿದವನು. 2011ರಿಂದೀಚೆಗೆ ಆ ಕೆಲಸವನ್ನೇ ಮಾಡದವನು. ಹಳೆಯ ಅನ್ಯಾಯವನ್ನು ಸರಿಪಡಿಸುವುದು ಮಾಲೀಕನಿಗೆ ಪುಣ್ಯದ ಕೆಲಸವಿರಬಹುದು. ಪ್ರಾಯಶ್ಚಿತ್ತವನ್ನು ಮಾತ್ರ ಭಕ್ತರ ಖರ್ಚಿನಲ್ಲಿ ಮಾಡಬಾರದಿತ್ತು. ಹಾಗಾದರೂ 2021ರಲ್ಲಿ ತಂಡ 93 ಪಂದ್ಯಗಳನ್ನು ಗೆದ್ದು ತನ್ನ ವಿಭಾಗದಲ್ಲಿ ಮೊದಲನೆಯದಾಯಿತು. ಜುಲೈ ತಿಂಗಳಲ್ಲಿ, ಕೊನೆಯ ಇನ್ನಿಂಗ್ಸಿನ ಪಿಚರ್ ಕಿಂಬ್ರೆಲ್‌ಗಾಗಿ ಎಳೆಯ ದಾಂಡಿಗ ಮ್ಯಾಡ್ರಿಗಲ್ಲನನ್ನು ಕಬ್ಸ್‌ಗೆ ಕೊಟ್ಟಾಗ ಮುದುಕನು ಊಟ ಬಿಟ್ಟನು. ಮುಂದಿನ ಹತ್ತು ವರ್ಷ ಎರಡನೆಯ ಬೇಸನ್ನು ಕಾಯುವವನು ಹೋದನೆಂದು ಆತನ ಗೋಳು. ಸತ್ಯಕ್ಕಾಗಿ ಇದನ್ನು ಹೇಳಬೇಕು: ಕಿಂಬ್ರೆಲನು ಇಲ್ಲಿ ಬಾಳಲಿಲ್ಲ, ಆದರೆ ಮ್ಯಾಡ್ರಿಗಲ್ಲನೂ ಅಲ್ಲಿ ಹೇಳಿಕೊಳ್ಳುವಂತೆ ಬೆಳಗಲಿಲ್ಲ. ಅಭಿಮಾನಿಯ ಲೆಕ್ಕವೂ ತಪ್ಪುತ್ತದೆ. ವ್ಯತ್ಯಾಸವಿಷ್ಟೆ, ಆತನ ತಪ್ಪಿಗೆ ಯಾರೂ ಸಂಬಳ ಕೊಡುವುದಿಲ್ಲ. ಆ ವರ್ಷ ಹೂಸ್ಟನ್ ತಂಡದೆದುರು ನಾಲ್ಕನೆಯ ಪಂದ್ಯಕ್ಕೆ ಆಟ ಮುಗಿಯಿತು.

ಆಮೇಲಿನದು ಇಳಿಜಾರು. ಹಿಮೆನೆಸನೂ ಮೊಂಕಾಡನೂ ಗಾಯದ ಮೇಲೆ ಗಾಯ ಮಾಡಿಕೊಂಡರು. ಹಿಮೆನೆಸನು 2021ರ ಮಾರ್ಚಿಯಲ್ಲಿ, ಲೆಕ್ಕಕ್ಕೆ ಬಾರದ ಅಭ್ಯಾಸದ ಪಂದ್ಯವೊಂದರಲ್ಲಿ, ಗೋಡೆ ದಾಟುತ್ತಿದ್ದ ಚೆಂಡಿಗೆ ಕೈಚಾಚಿ ಎದೆಯ ಸ್ನಾಯು ಹರಿದುಕೊಂಡನು. ಇದರಲ್ಲಿ ಆಡಳಿತದವರ ದೋಷವೇನೂ ಇಲ್ಲ. 2022ರಲ್ಲಿ ಗೆಲುವು 81, ಸೋಲೂ 81. ಅಬ್ರೇಯು ಕರಾರು ಮುಗಿದು ಹೂಸ್ಟನ್ನಿಗೆ ಹೋದನು. 2023ರಲ್ಲಿ 101 ಸೋಲು. ಆಗಸ್ಟಿನಲ್ಲಿ ಹಳೆಯ ಆಡಳಿತಗಾರರಿಬ್ಬರನ್ನೂ ಮಾಲೀಕನು ತೆಗೆದು, ಹೊಲದ ಉಸ್ತುವಾರಿ ನೋಡುತ್ತಿದ್ದ ಗೆಟ್ಜ್ ಎಂಬಾತನಿಗೆ ಅಧಿಕಾರವನ್ನು ಕೊಟ್ಟನು. ಬೆಳೆ ಬಾರದ ಹೊಲದ ಉಸ್ತುವಾರಿಗೆ ಕಣಜದ ಬೀಗದ ಕೈಯನ್ನೂ ಕೊಟ್ಟರೆಂದು ಊರು ನಕ್ಕಿತು.

2024ರ ಮಾರ್ಚಿಯಲ್ಲಿ ಸೀಸನನ್ನು ಸಾನ್ ಡಿಯೇಗೋಗೆ ಕೊಟ್ಟರು. ಜುಲೈ 10ರಿಂದ ತಂಡವು ಸೋಲತೊಡಗಿ ಇಪ್ಪತ್ತೊಂದು ಪಂದ್ಯಗಳನ್ನು ಒಂದೇ ಸಮನೆ ಸೋತಿತು. ಆ ಲೀಗಿನ ಚರಿತ್ರೆಯಲ್ಲಿ ಅದಕ್ಕೆ ಸಮವಾದದ್ದು 1988ರ ಬಾಲ್ಟಿಮೋರ್ ತಂಡದ್ದು ಮಾತ್ರ. ಈ ಸೋಲಿನ ಸಾಲಿನ ನಟ್ಟನಡುವೆ, ಜುಲೈ 25ರಂದು, ಸೀಸನು ತನ್ನ ಹೊಸ ತಂಡಕ್ಕಾಗಿ ಎದುರಾಳಿಗಳಿಗೆ ಒಂದೇ ಒಂದು ಹಿಟ್ಟನ್ನೂ ಕೊಡದ ಪಂದ್ಯವನ್ನಾಡಿದನು. ತಿಂಗಳ ಕೊನೆಯಲ್ಲಿ ಇನ್ನಷ್ಟು ಮಾರಾಟ: ಕೋಪೆಕ್, ಫೆಡ್ಡಿ, ಫಾಮ್, ಹಿಮೆನೆಸ್. ಬದಲಿಗೆ ಬಂದವರಲ್ಲಿ ವರ್ಗಾಸ್ ಎಂಬ ಹುಡುಗನಿದ್ದನು. ಆತನು ಆ ವರ್ಷ ವೈಟ್ ಸಾಕ್ಸ್ ಪರವಾಗಿ ದಾಂಡು ಹಿಡಿದಾಗ ಹತ್ತಕ್ಕೆ ಒಂದು ಹಿಟ್ ದೊರೆತರೆ ಅದೇ ಹೆಚ್ಚು. ಹತ್ತಕ್ಕೆ ಮೂರು ದೊರೆತವನು ಸಮರ್ಥ, ಎರಡಾದರೆ ಬಡವ, ಒಂದಾದರೆ ಅದಕ್ಕೆ ಹೆಸರಿಲ್ಲ. ಇಡೀ ತಂಡ ವರ್ಷದಲ್ಲಿ ಗಳಿಸಿದ ರನ್ನುಗಳು 507. ಪಂದ್ಯಕ್ಕೆ ಮೂರರ ಮೇಲೆ ಚೂರು.

ಸೆಪ್ಟೆಂಬರ್ 22ಕ್ಕೆ ಸೋಲುಗಳು 120 ಆದುವು. 1962ರ ನ್ಯೂಯಾರ್ಕ್ ಮೆಟ್ಸ್ ತಂಡ ಸೋತಷ್ಟೆ. ಇನ್ನೊಂದಾದರೆ ಆಧುನಿಕ ಕಾಲದಲ್ಲಿ ಒಂದು ವರ್ಷದಲ್ಲಿ ಇದಕ್ಕಿಂತ ಹೆಚ್ಚು ಪಂದ್ಯ ಸೋತ ತಂಡವಿಲ್ಲ. ಮೆಟ್ಸ್ ತಂಡದ ಸೋಲಿಗೆ ಒಂದು ನಿರ್ಮಲತೆಯಿತ್ತು. ಅದು ಹುಟ್ಟಿದ ವರ್ಷವೇ ಅದು, ಇತರರು ಬೇಡವೆಂದು ಬಿಟ್ಟವರಿಂದ ಕಟ್ಟಿದ ತಂಡ. ಮಗು ನಡೆಯಲು ಕಲಿಯುವಾಗ ಬಿದ್ದರೆ ನಗುತ್ತಾರೆ, ಎತ್ತಿಕೊಳ್ಳುತ್ತಾರೆ. ನೂರು ದಾಟಿದ ಮನೆತನ ಬಿದ್ದರೆ ನಗುವ ಬಗೆಯೇ ಬೇರೆ. ಹೋಲಿಕೆ ಬೇಕಾದರೆ 1899ರ ಕ್ಲೀವ್‌ಲೆಂಡ್ ತಂಡವನ್ನು ನೋಡಬೇಕು: ಅದರ ಮಾಲೀಕರು ಸೇಂಟ್ ಲೂಯಿಸಿನ ತಂಡವನ್ನೂ ಕೊಂಡು, ಸೈ ಯಂಗನೇ ಮೊದಲಾದ ಒಳ್ಳೆಯವರನ್ನೆಲ್ಲ ಅಲ್ಲಿಗೆ ಸಾಗಿಸಿದರು, ಉಳಿದವರು 20 ಗೆದ್ದು 134 ಸೋತರು. ಮರುವರ್ಷ ಆ ತಂಡವೇ ಇರಲಿಲ್ಲ.

ಸೆಪ್ಟೆಂಬರ್ 24ರ ರಾತ್ರಿ ಮುದುಕನು ಮೊಮ್ಮಗಳನ್ನು ಕರೆದುಕೊಂಡು ಮೂವತ್ತೈದನೆಯ ಬೀದಿಯ ಕ್ರೀಡಾಂಗಣಕ್ಕೆ ಹೋದನು. ಅಂದು ಬಂದವರಲ್ಲಿ ಅನೇಕರು ಸೋಲನ್ನು ನೋಡಲಿಕ್ಕೆಂದೇ ಬಂದವರು. ಇಂತಹ ಸೋಲನ್ನು ಕಣ್ಣಾರೆ ಕಂಡೆವೆಂದು ಮುಂದೆ ಹೇಳಿಕೊಳ್ಳಬೇಕಲ್ಲ. ಲಾಸ್ ಏಂಜಲಿಸಿನ ತಂಡ ಮುಂದಿತ್ತು. ತಂಡವನ್ನು ಮಾರಿಬಿಡು ಎಂಬ ಕೂಗು ಜನರಿಂದ ಎದ್ದಿತು. ಮುದುಕನೂ ಕೂಗಿದನು. ಆತನು ಮಾತಿಗೊಮ್ಮೆ ಹೇಳುವುದುಂಟು: ಎಂಟು ವರ್ಷ ಅವರು ಆಟಗಾರರನ್ನು ಮಾರಿದರು, ಒಂದು ರಾತ್ರಿ ಮಾಲೀಕನನ್ನು ಮಾರೆಂದು ಕೇಳಿದರೆ ತಪ್ಪೇನು? ಹುಡುಗಿ ಮಾತ್ರ ತಾತನ ತೋಳು ಜಗ್ಗಿ, ಎಲ್ಲರೂ ಯಾರನ್ನು ಬಯ್ಯುತ್ತಿರುವರೆಂದು ಕೇಳಿದಳು. ಆತನು ಉತ್ತರಕ್ಕೆ ತಡವರಿಸುತ್ತಿದ್ದಾಗಲೇ ಎಂಟನೆಯ ಇನ್ನಿಂಗ್ಸು ಬಂತು. ತಂಡ ಮೂರು ರನ್ನು ಗಳಿಸಿತು. ಗೆಲುವಿನ ಹಿಟ್ ಹೊಡೆದವನು ಬೆನಿಂಟೆಂಡಿ, ಆ ತಾಂಬೂಲದ ಖರ್ಚಿನವನು. ಹುಡುಗಿ ಕುರ್ಚಿಯ ಮೇಲೆ ಹತ್ತಿ ಕುಣಿದಳು. ಆಕೆಗೆ 120 ಎಂಬುದು ಒಂದು ಸಂಖ್ಯೆ, ಆಕೆ ಕಂಡದ್ದು 3–2ರ ಗೆಲುವು. ಸೋಲು ನೋಡಲು ಬಂದವರೆಲ್ಲ ಎದ್ದು ನಿಂತು ಕೂಗಿದರು. ಮುದುಕನು ತನ್ನ ತಂದೆಯ ಹೆಗಲನ್ನು ನೆನೆದನು. ಈಕೆಯನ್ನು ಎತ್ತಿ ಕೂರಿಸಿಕೊಳ್ಳುವ ಶಕ್ತಿ ಆತನ ಹೆಗಲಿಗೆ ಇರಲಿಲ್ಲ. ಮರುದಿನವೂ ಅದರ ಮರುದಿನವೂ ತಂಡವು ಗೆದ್ದಿತು. 27ರಂದು ಡೆಟ್ರಾಯಿಟ್ ನಗರದಲ್ಲಿ 121ನೆಯ ಸೋಲಾಯಿತು. ಅದೇ ವರ್ಷ, ಮೂವತ್ತೈದು ವರ್ಷದ ಸೇಲನು ಅಟ್ಲಾಂಟಾ ತಂಡಕ್ಕಾಗಿ 18 ಗೆದ್ದು 3 ಮಾತ್ರ ಸೋತು, ತನ್ನ ಲೀಗಿನ ಶ್ರೇಷ್ಠ ಪಿಚರನೆಂಬ ಸೈ ಯಂಗ್ ಬಿರುದನ್ನು ಪಡೆದನು.

ಇಷ್ಟು ಸೋತವರಿಗೆ ಹೊಸ ಹುಡುಗರನ್ನು ಆರಿಸುವಾಗ ಮೊದಲ ಸರದಿ ಸಿಕ್ಕಬೇಕಷ್ಟೆ. ಹಿಂದಿನ ಕಾಲದಲ್ಲಿ ಹಾಗಿತ್ತು. ಬೇಕೆಂದೇ ಸೋಲುವವರನ್ನು ತಡೆಯಲು 2022ರಿಂದ ಚೀಟಿ ಎತ್ತುವ ಪದ್ಧತಿ ಬಂತು. ದೊಡ್ಡ ಪಟ್ಟಣದ, ಇತರರಿಗೆ ಹಣ ಹಂಚುವ ವರ್ಗದ ತಂಡವು ಹಿಂದಿನ ವರ್ಷ ಚೀಟಿಯಲ್ಲಿ ಪಾಲು ಪಡೆದಿದ್ದರೆ ಮರುವರ್ಷ ಪಡೆಯುವಂತಿಲ್ಲ. ಆದುದರಿಂದ 121 ಸೋತವರಿಗೆ 2025ರಲ್ಲಿ ದೊರೆತದ್ದು ಹತ್ತನೆಯ ಸರದಿ. ನಿಯಮ ನ್ಯಾಯವಾದದ್ದೆಂದು ಮುದುಕನೇ ಒಪ್ಪುತ್ತಾನೆ. ಶ್ರೀಮಂತನ ಮನೆಯವರು ಅನ್ನಛತ್ರದ ಸಾಲಿನಲ್ಲಿ ನಿಂತರೆ ಬಡಿಸುವವನು ಮುಖ ನೋಡುವುದು ಸಹಜ.

2024ರ ಡಿಸೆಂಬರಿನಲ್ಲಿ ಕ್ರೋಷೆ ಎಂಬ ಎಡಗೈಯ ಪಿಚರನನ್ನು ಬಾಸ್ಟನ್ನಿಗೆ ಕೊಟ್ಟು ನಾಲ್ವರು ಹುಡುಗರನ್ನು ಪಡೆದರು. ಎಂಟು ವರ್ಷದ ಹಿಂದೆ ಅದೇ ಡಿಸೆಂಬರ್, ಅದೇ ಬಾಸ್ಟನ್, ಅದೇ ಎಡಗೈ, ಅದೇ ನಾಲ್ವರು. ಗುಡಿಗೆ ಕಳಶವಿಡುವ ಮೊದಲೇ ಎರಡನೆಯ ಜೀರ್ಣೋದ್ಧಾರ ಮೊದಲಾಯಿತು. ಮುದುಕನು ಅಂದು ಇನ್ನು ಅಂಗಿ ಕೊಳ್ಳೆನೆಂದು ಹೆಂಡತಿಯ ಮುಂದೆ ಆಣೆಯಿಟ್ಟನು. ಕ್ರೋಷೆ 2025ರಲ್ಲಿ ಬಾಸ್ಟನ್ನಿಗೆ 18 ಪಂದ್ಯ ಗೆದ್ದುಕೊಟ್ಟನು. ಆ ಗೆಲುವುಗಳನ್ನು ಮುದುಕನು ಒಂದೊಂದಾಗಿ ಎಣಿಸಿದನು. ಆದರೆ ಎಣಿಸುತ್ತ ಎಣಿಸುತ್ತ ಇತ್ತ ಬಂದವರ ಕಡೆಗೂ ಕಣ್ಣು ಹೋಯಿತು. ಟೀಲ್ ಎಂಬ ಹುಡುಗ ಚೆಂಡು ಹಿಡಿಯುವುದರಲ್ಲಿಯೂ ಹೊಡೆಯುವುದರಲ್ಲಿಯೂ ಜಾಣ. ಮೈಡ್ರೋತ್ ಎಂಬವನು ಸುಲಭವಾಗಿ ಔಟಾಗುವವನಲ್ಲ. ಹೆಸರಿಲ್ಲದ ವರ್ಗಾಸನು ಹದಿನಾರು ಹೋಂ ರನ್ ಹೊಡೆದನು. ಮಿಲ್ವಾಕಿಯವರು ತಮ್ಮ ನಲವತ್ತರ ಪಟ್ಟಿಯಲ್ಲಿ ಕಾದಿರಿಸಿಕೊಳ್ಳದೆ ಬಿಟ್ಟಿದ್ದ ಷೇನ್ ಸ್ಮಿತ್ ಎಂಬ ಪಿಚರನನ್ನು ಹೀಗೆ ಬಿಟ್ಟವರನ್ನೆತ್ತಿಕೊಳ್ಳುವ ನಿಯಮದ ಪ್ರಕಾರ ಒಂದು ಲಕ್ಷ ಡಾಲರಿಗೆ ಎತ್ತಿಕೊಂಡರು. ಅವನು ಆ ವರ್ಷದ ಆಲ್ ಸ್ಟಾರ್ ಪಟ್ಟಿಯಲ್ಲಿ ಹೆಸರು ಪಡೆದನು. ಮುದುಕನು ಎಲ್ಲಕ್ಕಿಂತ ಮೆಚ್ಚಿದ ಆಯ್ಕೆ ಇದೇ. ಮಾರುವುದಕ್ಕೆ ಧೈರ್ಯ ಸಾಕು. ಬೇರೆಯವರ ತಿಪ್ಪೆಯಲ್ಲಿ ಮಾಣಿಕವನ್ನು ಗುರುತಿಸುವುದಕ್ಕೆ ಕಣ್ಣು ಬೇಕು. ಜುಲೈ 4ರಂದು ತಂಡದವರೇ ಬೆಳೆಸಿದ ಕೋಲ್ಸನ್ ಮಾಂಟ್‌ಗೊಮೆರಿ ಮೇಲಿನ ಪಂಕ್ತಿಗೆ ಬಂದು, ಎಪ್ಪತ್ತೊಂದು ಪಂದ್ಯಗಳಲ್ಲಿ ಇಪ್ಪತ್ತೊಂದು ಹೋಂ ರನ್ ಹೊಡೆದನು. ವರ್ಷದ ಕೊನೆಗೆ 60 ಗೆಲುವು, 102 ಸೋಲು. ನೂರೆರಡು ಸೋಲನ್ನು ಏಳಿಗೆಯೆಂದು ಸಂತೋಷಪಡುವ ಊರು ಜಗತ್ತಿನಲ್ಲಿ ಇನ್ನೊಂದಿರಲಾರದು. ಆ ಮೇ ತಿಂಗಳಲ್ಲಿ ಈ ತಂಡದ ಅಭಿಮಾನಿಯೊಬ್ಬರು ರೋಮ್ ನಗರದಲ್ಲಿ ಪೋಪರಾಗಿ ಆರಿಸಿಬಂದರು. 2005ರ ವಿಶ್ವ ಸರಣಿಯ ಮೊದಲನೆಯ ಪಂದ್ಯದಲ್ಲಿ ಜನರ ನಡುವೆ ಕುಳಿತಿದ್ದ ಅವರ ಚಿತ್ರ ಊರಲ್ಲೆಲ್ಲ ಹರಡಿತು. ಕಷ್ಟಸಹಿಷ್ಣುತೆಯಲ್ಲಿ ಅವರಿಗೆ ಬೇರೆ ತರಬೇತು ಬೇಕಾಗಿರಲಿಲ್ಲವೆಂದು ಮುದುಕನ ಅಭಿಪ್ರಾಯ.

ಹುಡುಗಿಗೆ ಬೇಕಾದದ್ದು ಮಾಂಟ್‌ಗೊಮೆರಿಯ ಅಂಗಿ. ಮುದುಕನು ಮೊದಲು ಕೊನೆರ್ಕೋನ ಹೆಸರನ್ನು ಸೂಚಿಸಿದನು; ನಿಂತುಹೋದವನು ಮತ್ತೆಲ್ಲಿಗೂ ಹೋಗಲಾರ. ಆಕೆ ಒಪ್ಪಲಿಲ್ಲ, ತಾನು ಹುಟ್ಟುವ ಮೊದಲೇ ಆಟ ಬಿಟ್ಟವನನ್ನು ಬೆನ್ನಿನ ಮೇಲೆ ಹೊತ್ತು ಏನು ಮಾಡುವುದೆಂದಳು. ಹೆಸರೇ ಬೇಡ, ಬರಿಯ ಅಂಗಿ ಸಾಕೆಂದು ನೋಡಿದನು. ಅದು ಅಂಗಿಯೇ ಅಲ್ಲವೆಂದಳು. ಮುದುಕನು ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತನು. ಮಾಂಟ್‌ಗೊಮೆರಿ ಬಂದದ್ದು 2025ರ ಜುಲೈ. ಅರ್ಧ ವರ್ಷ ಲೆಕ್ಕಕ್ಕಿಲ್ಲ. 2026ರಿಂದ ಆರು ವರ್ಷದ ಸೇವೆ. ನಿಯಮ ಹೀಗೆಯೇ ಉಳಿದು, ಎಲ್ಲಿಯೂ ಮಾರದೆ ಇದ್ದರೆ, 2031ರ ಕೊನೆಯವರೆಗೆ ಅವನು ಇಲ್ಲಿಯವನು. ಹುಡುಗಿಗೆ ಆಗ ಹದಿನೈದು.

ಮರುದಿನ ಅಂಗಡಿಯವನು ಒಂಬತ್ತು ವರ್ಷದ ಮಗುವಿನ ಅಳತೆಯ ಅಂಗಿಯನ್ನು ತೆಗೆದು ಮೇಜಿನ ಮೇಲಿಟ್ಟನು. ಮುದುಕನು ಅದನ್ನು ಹಿಂದಕ್ಕೆ ತಳ್ಳಿ, ಹದಿನೈದು ವರ್ಷದವಳ ಅಳತೆ ಬೇಕೆಂದನು. ಹುಡುಗಿಗೆ ಈಗ ಅದು ಮೊಣಕಾಲಿನವರೆಗೆ ಬರುತ್ತದೆ. ತೋಳುಗಳನ್ನು ಅಜ್ಜಿ ಎರಡು ಮಡಿಕೆ ಮಡಿಸಿ ದಾರ ಹಾಕಿದ್ದಾಳೆ.